ಸಮುದ್ರದ ದಂಡೆಗೆ ಒಂದು ಕೋಣೆ

ಮನೆಯಲ್ಲಿ ಯಾರಾದರೂ ಸಮುದ್ರದ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೆ ನೀರು ಕಂಡರೆ ಭಯ ಎಂದು ಮೊಮ್ಮಕ್ಕಳು ತಿಳಿದುಕೊಂಡಿದ್ದಾರೆ. ಭಯವಲ್ಲ, ನಾಚಿಕೆ. ಇಷ್ಟು ಕಾಲ ಕಳೆದ ಮೇಲೂ ಕಿವಿ ಬಿಸಿಯಾಗುತ್ತದೆ. ಆ ದಿನಗಳ ಹಿರಿಯರು ಈಗ ಯಾರೂ ಉಳಿದಿಲ್ಲ, ನಮ್ಮವರೂ ಇಲ್ಲ. ಬರೆದರೆ ಅವರ ಮಾನವೇನೂ ಹೋಗುವುದಿಲ್ಲ. ಹೋಗುವುದಿದ್ದರೆ ನನ್ನದು ಹೋಗಲಿ ಎಂದು ಕೂತಿದ್ದೇನೆ.

ನನ್ನ ಗಂಡನ ಮನೆ ಗೋಕಾಕದ ಪೇಟೆಯಲ್ಲಿತ್ತು. ಮುಂದೆ ಮಾವನವರ ಬೆಲ್ಲ ಮತ್ತು ಶೇಂಗಾದ ಅಂಗಡಿ, ಹಿಂದೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಯ ಗೋಡೆಗೆ ಹತ್ತಿಕೊಂಡು ಎಮ್ಮೆ ಕಟ್ಟುವ ಜಾಗ. ಹೆಸರಿಗೆ ಒಂದು ಕೋಣೆಯೂ ಇತ್ತು. ಆ ಕೋಣೆಯಲ್ಲಿ ಯಾವಾಗಲೂ ಒಬ್ಬ ಬಾಣಂತಿ ಇರುತ್ತಿದ್ದಳು. ನೆಗೆಣ್ಣಿ ಎದ್ದರೆ ದೊಡ್ಡ ನಾದಿನಿ ಬರುವಳು. ಅವಳನ್ನು ಕೂಸಿನೊಂದಿಗೆ ಗಂಡನ ಮನೆಗೆ ಕಳಿಸಿ, ಕೋಣೆ ಸಾರಿಸಿ ಒಣಗುವಷ್ಟರಲ್ಲಿ ಸಣ್ಣ ನಾದಿನಿ ತುಂಬಿದ ಬಸುರಿಯಾಗಿ ಗಾಡಿಯಿಂದ ಇಳಿಯುವಳು. ಉಳಿದವರಲ್ಲಿ ಗಂಡಸರು ಪಡಸಾಲೆಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದರು. ಹೆಂಗಸರು ಅಡಿಗೆಮನೆಯಲ್ಲಿ ಸಾಲಾಗಿ. ಸಾಲಿನಲ್ಲಿ ನನ್ನ ಜಾಗ ಅತ್ತೆಯ ಮಗ್ಗುಲಿಗೆ. ಇಲಿ ಓಡಿದರೂ "ಯಾರದು" ಎನ್ನುವ ನಿದ್ದೆ ಅವರದು.

ನಮ್ಮ ಶೋಭನದ ಶಾಸ್ತ್ರ ಅದೇ ಕೋಣೆಯಲ್ಲಿ ಆಗಿತ್ತು. ಅದಾಗಿ ವಾರ ತುಂಬುವುದರೊಳಗೆ ದೊಡ್ಡ ನಾದಿನಿ ಬಾಣಂತನಕ್ಕೆ ಬಂದಳು. ಅಂದಿನಿಂದ ಆ ಕೋಣೆ ಮತ್ತೆ ನಮ್ಮದಾಗಲಿಲ್ಲ. ನಮ್ಮವರು ಮೂಡಲಗಿಯ ಸಾಲೆಯಲ್ಲಿ ಮಾಸ್ತರರು. ಅಲ್ಲಿ ಇನ್ನಿಬ್ಬರು ಮಾಸ್ತರರ ಜೊತೆ ಒಂದು ಖೋಲಿಯಲ್ಲಿ ಇರುತ್ತಿದ್ದರು. ಶನಿವಾರ ಸಂಜೆ ಗೋಕಾಕಕ್ಕೆ ಬಂದು ಸೋಮವಾರ ನಸುಕಿನಲ್ಲಿ ಹೊರಡುವರು. ಬಂದಾಗಲೂ ಹಿರಿಯರೆದುರು ಹೆಂಡತಿಯೊಡನೆ ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಅವರೊಂದು ಉಪಾಯ ಮಾಡಿದ್ದರು. ಅಡಿಗೆಮನೆಯ ಕಿಂಡಿಯ ಆಚೆ ಎಮ್ಮೆಯ ಮೈ ತಿಕ್ಕುತ್ತ ನಿಂತು, ನನಗೆ ಹೇಳಬೇಕಾದುದನ್ನೆಲ್ಲ ಎಮ್ಮೆಗೆ ಹೇಳುವರು. ಈಚೆ ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುವೆ. ಹೂಂ ಎನ್ನಬೇಕಾದಲ್ಲಿ ರೊಟ್ಟಿಯನ್ನು ಸ್ವಲ್ಪ ಜೋರಾಗಿ ಬಡಿಯುವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಇದು ಯಾರಿಗೂ ತಿಳಿಯದು ಎಂದು ನಾವಿಬ್ಬರೂ ನಂಬಿದ್ದೆವು.

ಹೀಗೆ ಮೂರು ವರ್ಷ ಕಳೆಯಿತು. ಬಂದವರೆಲ್ಲ ಅತ್ತೆಗೆ ಒಂದೇ ಮಾತು ಕೇಳುವರು. "ಸಣ್ಣ ಸೊಸಿಗೆ ಇನ್ನೂ ಏನಿಲ್ಲೇನವಾ?" ಕೇಳುವಾಗ ಕಣ್ಣು ಮಾತ್ರ ನನ್ನ ಹೊಟ್ಟೆಯ ಮೇಲೆ. ಅತ್ತೆ ನಿಟ್ಟುಸಿರು ಬಿಟ್ಟು, "ಶಿವಾ ಕಣ್ಣ ತೆರೀಬೇಕು" ಎನ್ನುವರು. ಮಠದಿಂದ ಒಂದು ತಾಯಿತ ತಂದು ನನಗೆ ಕಟ್ಟಿದರು. ತಲೆ ತಗ್ಗಿಸಿ ಕಟ್ಟಿಸಿಕೊಂಡೆ. ಒಬ್ಬ ಬಾಣಂತಿಯನ್ನು ಎಬ್ಬಿಸಿ ಕೋಣೆ ಕೊಡಿಸುವ ಶಕ್ತಿ ತಾಯಿತಕ್ಕೆ ಎಲ್ಲಿಂದ ಬರಬೇಕು. ಬಾಯಿ ಬಿಟ್ಟು ಹೇಳುವ ಮಾತೂ ಅದಲ್ಲ. ನಾನು ಸೊಸೆ, ಹೇಳುವುದು ಅತ್ತೆಗೆ.

ಆ ವರ್ಷ ಚಳಿ ಬಿದ್ದ ಮೇಲೆ ಒಂದು ಶನಿವಾರ ನಮ್ಮವರು ಎಮ್ಮೆಗೆ ಹೊಸ ಸುದ್ದಿ ಹೇಳಿದರು. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ಸೂಟಿಯಲ್ಲಿ ಎಲ್ಲಿಗಾದರೂ ಹೋಗಿ ಎಂಟು ದಿನ ಇದ್ದು ಬರಬೇಕು, ಇಬ್ಬರೇ. ನನ್ನ ಕೈಯ ರೊಟ್ಟಿ ಹರಿದುಹೋಯಿತು.

ಎಲ್ಲಿಗೆ ಹೋಗುವುದು ಎನ್ನುವುದೇ ದೊಡ್ಡ ಮಾತು. ಹುಕ್ಕೇರಿಯಲ್ಲಿ ಅತ್ತೆಯ ಅಕ್ಕ ಇದ್ದರು. ಯಮಕನಮರಡಿಯಲ್ಲಿ ಸೋದರಮಾವನ ಮನೆ. ಬೆಳಗಾವಿಯಲ್ಲಿ ಕಾಕಾ. ನಮ್ಮ ಕಡೆ ಬಳಗ ಇರುವ ಊರಿನಲ್ಲಿ ಬಾಡಿಗೆ ಕೊಟ್ಟು ಇಳಿದುಕೊಳ್ಳುವುದೆಂದರೆ ಆ ಬಳಗದ ಮೂಗು ಕೊಯ್ದಂತೆ. ಬಳಗದ ಮನೆಯಲ್ಲಿ ಇಳಿದರೆ ಅಲ್ಲಿಯೂ ಅಡಿಗೆಮನೆಯ ಸಾಲು ತಪ್ಪಿದ್ದಲ್ಲ. ನಮ್ಮವರು ಕೂತು ಒಂದೊಂದೇ ಊರು ಲೆಕ್ಕ ಹಾಕಿದರು. ಬೆಳಗಾವಿ ದಾಟಿ, ಘಟ್ಟ ಇಳಿದು, ವೆಂಗುರ್ಲೆಯ ಸಮುದ್ರ ಮುಟ್ಟುವವರೆಗೂ ನಮ್ಮ ಬೀಗರು ಮುಗಿಯಲಿಲ್ಲ. ಸಮುದ್ರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಹೀಗೆ.

ಯಮಕನಮರಡಿಯಲ್ಲಿ ಒಬ್ಬ ಮುದುಕ ಗಾಡಿಯವನಿದ್ದ. ಮೋಟಾರು ಬರುವ ಮುಂಚೆ ಎತ್ತಿನ ಗಾಡಿಯಲ್ಲಿ ವೆಂಗುರ್ಲೆಗೆ ಬೆಲ್ಲ ಒಯ್ದು, ಅಲ್ಲಿಂದ ಉಪ್ಪು ಮತ್ತು ತೆಂಗಿನಕಾಯಿ ತರುತ್ತಿದ್ದವನು. ಆ ದಂಡೆಯ ಮನೆಮನೆಯೂ ಅವನಿಗೆ ಗೊತ್ತು. ನಮ್ಮವರು ಒಂದು ರವಿವಾರ ಅಂಗಡಿಯ ಕೆಲಸದ ನೆವ ಮಾಡಿ ಅವನಲ್ಲಿಗೆ ಹೋಗಿ ಬಂದರು. ಅಲ್ಲಿ ನಡೆದ ಮಾತನ್ನು ಮರುವಾರ ಎಮ್ಮೆಗೆ ಒಪ್ಪಿಸಿದರು.

"ಎಷ್ಟ ಮಂದೀರಿ ಮಾಸ್ತರ?" ಎಂದನಂತೆ ಗಾಡಿಯವನು.

"ಇಬ್ಬರ."

"ಜಡ್ಡ ಏನರ ಐತೇನ್ರಿ?"

"ಇಲ್ಲ."

"ಕೋರ್ಟಿನ ಕೆಲಸಾ?"

"ಇಲ್ಲ."

"ಮತ್ತ ಯಾರರ ಬೆನ್ನ ಹತ್ಯಾರೇನ್ರಿ?"

ಯಾರೂ ಬೆನ್ನು ಹತ್ತಿಲ್ಲ, ಸುಮ್ಮನೆ ನಾಲ್ಕು ದಿನ ಕೂತು ಬರಲು ಎಂದಾಗ ಮುದುಕ ಬಹಳ ಹೊತ್ತು ಇವರ ಮುಖ ನೋಡಿದನಂತೆ. ಆಮೇಲೆ ಒಂದು ಮನೆ ಹೇಳಿದ. ಮುಂದೆ ನೀರು, ಹಿಂದೆ ತೆಂಗಿನ ಗಿಡ, ನಡುವೆ ಒಂದು ಕೋಣೆ, ಅದರ ಮುಂದೆ ಜಗಲಿಯಂಥ ಸಣ್ಣ ಪಡವಿ. ಮೇಲೆ ತೆಂಗಿನ ಗರಿಯ ಹೊದಿಕೆ. ಮಾಸ್ತರರ ಪಗಾರಕ್ಕೆ ಭಾರವಾಗದ ಬಾಡಿಗೆ. ಮನೆಯೊಡತಿ ಒಬ್ಬ ಒಂಟಿ ಮುದುಕಿ, ಪಕ್ಕದ ಗುಡಿಸಲಿನಲ್ಲಿ ಇರುತ್ತಾಳೆ.

"ಆಕಿಗೆ ಕಿವಿ ಕೇಳಂಗಿಲ್ಲಂತ" ಎಂದು ನಮ್ಮವರು ಎಮ್ಮೆಗೆ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡು ಒಬ್ಬಳೇ ನಕ್ಕೆ.

ಮನೆ ಸಿಕ್ಕಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮವರು ಮಾವನವರೆದುರು ನಿಂತು, ಸೂಟಿಯಲ್ಲಿ ನಾವು ಸಮುದ್ರದ ದಂಡೆಗೆ ಹೋಗಿ ಎಂಟು ದಿನ ಇದ್ದು ಬರುತ್ತೇವೆ ಎಂದರು.

"ಯಾಕ?" ಎಂದರು ಮಾವನವರು.

"ಸುಮ್ನರಿ ಅಪ್ಪಾ."

ಸುಳ್ಳು ಹೇಳಲು ಬಾರದ ಮನುಷ್ಯ. ಹರಕೆ ಇದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ 'ಸುಮ್ನ' ಎನ್ನುವ ಮಾತು ನಮ್ಮ ಪೇಟೆಯಲ್ಲಿ ಯಾರಿಗೂ ಅರಗಲಿಲ್ಲ. ಮದುವೆಗೆ ಹೋಗುತ್ತಾರೆ, ಮಣ್ಣಿಗೆ ಹೋಗುತ್ತಾರೆ, ಜಾತ್ರೆಗೆ, ಔಷಧಕ್ಕೆ ಹೋಗುತ್ತಾರೆ. ಸುಮ್ಮನೆ ಯಾರು ಹೋಗುತ್ತಾರೆ? ಎರಡೇ ದಿನದಲ್ಲಿ ನನಗೆ ಕ್ಷಯ ಎಂದು ಒಂದು ಓಣಿ ನಿರ್ಧರಿಸಿತು. ನಮ್ಮವರು ಮನೆ ಮುರಿದುಕೊಂಡು ಬೇರೆ ಹೋಗುವವರು ಎಂದು ಇನ್ನೊಂದು ಓಣಿ. ನೀರಿಗೆ ಹೋದಾಗ ಹೆಂಗಸರು ನನ್ನ ಎದೆ ಏರಿಳಿಯುವುದನ್ನು ನೋಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಕೊಡ ಹೊತ್ತು ಬರುತ್ತಿದ್ದೆ. ಅದರಿಂದ ಮನೆ ಮುಟ್ಟುವಷ್ಟರಲ್ಲಿ ಖರೆಯಾಗಿಯೂ ಏದುಸಿರು ಬರುತ್ತಿತ್ತು.

ಊರ ಬಾಯಿ ಮುಚ್ಚಿಸಿದವರು ಅತ್ತೆ. ಅಂಗಡಿಯ ಕಟ್ಟೆಯ ಮೇಲೆ ನಿಂತು, ನಾಲ್ಕು ಜನ ಕೇಳುವ ಹಾಗೆ ಹೇಳಿದರು. "ಸಮುದ್ರಸ್ನಾನಕ್ಕ ಹೊಂಟೇವಿ. ಸೊಸಿಗೆ ಮಕ್ಕಳ ಫಲ ಬೇಡಿಕೊಳ್ಳಾಕ." ಹೊಂಟೇವಿ ಎಂದದ್ದು ನನಗೆ ಒಳಗೆ ಕೇಳಿಸಿತು. ಕೇಳಿದ್ದು ತಪ್ಪಿರಬಹುದೆಂದು ಬಾಗಿಲಿಗೆ ಬಂದೆ. ಅತ್ತೆ ನನ್ನ ಕಡೆ ತಿರುಗಿ, "ಗಂಡನ ಜೋಡಿ ಹರೇದ ಹುಡುಗಿನ್ನ ಒಬ್ಬಾಕಿನ್ನ ಹೆಂಗ ಕಳಸ್ಲಿ? ನಾನೂ ಬರ್ತೇನಿ" ಎಂದರು. ಗಂಡನ ಜೊತೆ ಹೋದರೂ ನಾನು ಒಬ್ಬಳೇ ಎನ್ನುವುದು ಅವರ ಲೆಕ್ಕ.

ಮಾತು ಮಗ್ಗುಲ ಮನೆಗೆ ಮುಟ್ಟಿತು. ಅಲ್ಲೊಬ್ಬ ಅಜ್ಜಿ ಇದ್ದಳು, ಬಾಯಿ ಅಂದರೆ ಮೆಣಸಿನಕಾಯಿ. ಪುಣ್ಯದ ಕೆಲಸಕ್ಕೆ ಜೊತೆ ಕೇಳಿದವರಿಗೆ ಬೇಡ ಎನ್ನಬಾರದು ಎಂದು ತಾನೇ ಹೇಳಿ, ತಾನೇ ಗಂಟು ಕಟ್ಟಿದಳು. ಹುಕ್ಕೇರಿಯ ಮೇಲೆ ಹಾದು ಹೋಗುವಾಗ ಅತ್ತೆಯ ಅಕ್ಕನಿಗೆ ಹೇಳದೆ ಹೋಗುವುದು ಹೇಗೆ? ಹೇಳಿ ಕಳಿಸಿದ್ದೇ ತಡ, ಅವರೂ ತಯಾರು. ನಾವು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಒಳ್ಳೆಯ ಜೀವ, ಆದರೆ ಎಲ್ಲಿ ಕೂತರೂ ನಿದ್ದೆ. ಹೀಗೆ ಇಬ್ಬರು ಹೋಗಿ ಐವರಾದೆವು. ಆ ಶನಿವಾರ ನಮ್ಮವರು ಎಮ್ಮೆಯ ಹತ್ತಿರ ನಿಂತರೂ ಏನೂ ಮಾತಾಡಲಿಲ್ಲ. ಅದರ ಬೆನ್ನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು.

ಗೋಕಾಕದಿಂದ ಗಾಡಿಯಲ್ಲಿ ಘಟಪ್ರಭಾ ಹಾದು ಹುಕ್ಕೇರಿಗೆ ಬಂದು, ದೊಡ್ಡವ್ವನನ್ನು ಹತ್ತಿಸಿಕೊಂಡು ಯಮಕನಮರಡಿ ಮುಟ್ಟಿದೆವು. ಅಲ್ಲಿ ಆ ಮುದುಕ ಗಾಡಿಯವನೇ ನಮ್ಮನ್ನು ಮೋಟಾರಿಗೆ ಹತ್ತಿಸಲು ಬಂದಿದ್ದ. ಇಳಿದ ಒಬ್ಬೊಬ್ಬರನ್ನೂ ನೋಡಿದ, ಕಟಕ ರೊಟ್ಟಿಯ ಗಂಟು ನೋಡಿದ, ಹಿಟ್ಟಿನ ಚೀಲ, ಹಾಸಿಗೆಯ ಸುರುಳಿ ನೋಡಿದ. "ಇಬ್ಬರ ಅಂದಿದ್ರೆಲ್ರಿ ಮಾಸ್ತರ" ಎಂದ. ನಮ್ಮವರು ಚೀಲ ಎತ್ತಿಡಲು ಹೋದರು. ನಾನು ಸೆರಗು ಮುಖದ ಮೇಲೆ ಎಳೆದುಕೊಂಡೆ. ಅವನಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು.

ಘಟ್ಟದಲ್ಲಿ ಅಜ್ಜಿ ದಾರಿಯುದ್ದಕ್ಕೂ ವಾಂತಿ ಮಾಡಿದಳು. ಮರುದಿನ ಆ ಮನೆಯ ಮುಂದೆ ನಿಂತಾಗ ಮೂವರು ಮುದುಕಿಯರೂ ಸಮುದ್ರ ನೋಡಿ ಕೈ ಮುಗಿದರು. ಅಜ್ಜಿ ಬಗ್ಗಿ ಬೊಗಸೆಯಲ್ಲಿ ಎತ್ತಿ ನಾಲಗೆಗೆ ಹಚ್ಚಿ, "ಇಷ್ಟ ನೀರಿದ್ದು ಒಂದ ಗುಟುಕ ಕುಡಿಯಾಕ ಬರಂಗಿಲ್ಲಲ್ಲ" ಎಂದು ಉಗುಳಿದಳು. ಮನೆಯೊಡತಿ ಮುದುಕಿ ಕೊಂಕಣಿಯಲ್ಲಿ ಏನೋ ಅಂದಳು, ಅತ್ತೆ ಕನ್ನಡದಲ್ಲಿ ಜೋರಾಗಿ ಉತ್ತರ ಕೊಟ್ಟರು. ಅವಳಿಗೆ ಕಿವಿ ಇಲ್ಲ, ಇವರಿಗೆ ಭಾಷೆ ಇಲ್ಲ, ಆದರೂ ಒಲೆ ಎಲ್ಲಿ, ಬಾವಿ ಎಲ್ಲಿ ಎನ್ನುವುದೆಲ್ಲ ತೀರ್ಮಾನವಾಯಿತು.

ಮನೆ ಗಾಡಿಯವನು ಹೇಳಿದ ಹಾಗೆಯೇ ಇತ್ತು. ಸಾರಿಸಿದ ನೆಲ, ಮೀನಿನ ವಾಸನೆಯನ್ನು ಬಿಟ್ಟರೆ ಬಹಳ ಚೊಕ್ಕ. ಅತ್ತೆ ಊದಿನಕಡ್ಡಿ ಹಚ್ಚಿ ಅದನ್ನೂ ಓಡಿಸಿದರು. ಆ ಒಂದು ಕೋಣೆಯಲ್ಲಿ ಅವರು, ದೊಡ್ಡವ್ವ, ಅಜ್ಜಿ, ನಾನು. ಪಡವಿಯಲ್ಲಿ ನಮ್ಮವರು. ಗೋಕಾಕದ ಅಡಿಗೆಮನೆಯನ್ನೇ ಹೊತ್ತುಕೊಂಡು ಬಂದು ಮರಳಿನ ಮೇಲೆ ಇಟ್ಟ ಹಾಗಾಯಿತು. ಇಲ್ಲಿ ಎಮ್ಮೆಯೂ ಇರಲಿಲ್ಲ, ಕಿಂಡಿಯೂ ಇರಲಿಲ್ಲ. ಮೂರು ದಿನ ನಾವಿಬ್ಬರೂ ಒಂದು ಮಾತು ಆಡಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಸಮುದ್ರದ ಮೇಲೆ, ಅತ್ತೆಯ ಮೇಲೆ, ಎಲ್ಲರಿಗಿಂತ ಹೆಚ್ಚು 'ಸುಮ್ನ' ಎಂದ ಗಂಡನ ಮೇಲೆ. ಸಿಟ್ಟನ್ನು ಹೊರಗೆ ಹಾಕಲು ನನಗಿದ್ದ ದಾರಿ ಒಂದೇ.

"ರೊಟ್ಟಿ ಏನ ತಪ್ಪ ಮಾಡೇತಿ ತಂಗಿ?" ಎಂದರು ಅತ್ತೆ ಒಂದು ಮುಂಜಾನೆ. "ಸಮುದ್ರದ ಸಪ್ಪಳಾನ ಕೇಳವಲ್ದು."

ಅಂದೇ ನೀರು ತರಲು ಹಿತ್ತಲಿಗೆ ಹೋದಾಗ ನಮ್ಮವರು ಬಾವಿಯ ಹತ್ತಿರ ಇದ್ದರು. ಹಗ್ಗ ನನ್ನ ಕೈಯಿಂದ ಇಸಿದುಕೊಂಡು ಕೊಡ ಎಳೆದರು. ಕೊಡ ನನ್ನ ಸೊಂಟಕ್ಕೆ ಇಡುತ್ತ, "ಇಲ್ಲೊಂದ ಎಮ್ಮಿ ಇದ್ದಿದ್ರ ಚಲೋ ಇತ್ತು" ಎಂದರು. ನನಗೆ ನಗು ಬಂತು, ಅದರ ಬೆನ್ನಿಗೇ ಕಣ್ಣೀರೂ ಬಂತು. ಕೊಡ ಹೊತ್ತಿದ್ದರಿಂದ ಒರೆಸಿಕೊಳ್ಳಲು ಕೈ ಇರಲಿಲ್ಲ. ಹಾಗೆಯೇ ತಿರುಗಿದೆ. ತೆಂಗಿನ ಗಿಡದ ಕೆಳಗೆ ಅತ್ತೆ ಗರಿ ಆರಿಸುತ್ತಿದ್ದರು. ನಮ್ಮ ಮಾತು ಕೇಳುವಷ್ಟು ಹತ್ತಿರ.

ಅವರು ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಗರಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಊಟಕ್ಕೆ ಕೂತೆವು. ಈ ಹೆಂಗಸಿಗೆ ಎಲ್ಲ ತಿಳಿದುಹೋಯಿತು, ಇನ್ನು ಊರಿಗೆ ಹೋಗಿ ಹೇಗೆ ಮುಖ ತೋರಿಸಲಿ ಎಂದು ನನ್ನ ರೊಟ್ಟಿಯನ್ನು ಹಾಗೆಯೇ ಮಡಚಿಟ್ಟೆ. ಬೇರೆ ಹೆಂಡಂದಿರಿಗೆ ಇಲ್ಲದ ಆಸೆ ನನಗೊಬ್ಬಳಿಗೆ ಇದೆ ಎಂದು ಆ ದಿನಗಳಲ್ಲಿ ನಾನು ನಂಬಿದ್ದೆ. ಅದನ್ನು ಅತ್ತೆ ಕಂಡುಹಿಡಿದರಲ್ಲ ಎನ್ನುವುದೇ ನನ್ನ ಸಂಕಟ.

ಊಟ ಮುಗಿಯಿತು. ಹೊರಗೆ ಸುಡುಬಿಸಿಲು. ಚಳಿಗಾಲವೆಂದು ನಾವು ಹೇಳಿಕೊಂಡು ಬಂದದ್ದು, ಕೊಂಕಣದ ಮಧ್ಯಾಹ್ನಕ್ಕೆ ಅದು ಗೊತ್ತಿರಲಿಲ್ಲ. ದೊಡ್ಡವ್ವ ಆಗಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಅತ್ತೆ ಎದ್ದು ನಿಂತು ಸೊಂಟಕ್ಕೆ ಸೆರಗು ಸಿಗಿಸಿದರು.

"ಏಳ್ರಿ, ಸಮುದ್ರ ನೋಡಾಕ ಹೋಗೂಣು."

"ಈ ಬಿಸಲಾಗ? ತಲಿ ನೆಟ್ಟಗೈತೇನ ನಿಂದು?" ಎಂದಳು ಅಜ್ಜಿ.

"ಇದ ಪುಣ್ಯದ ಹೊತ್ತಂತ."

ಅಜ್ಜಿ ಬಾಯಿ ತೆರೆದವಳು ಹಾಗೆಯೇ ನನ್ನನ್ನು ನೋಡಿದಳು. ಪಡವಿಯಲ್ಲಿ ಕೂತ ನಮ್ಮವರನ್ನು ನೋಡಿದಳು. ತೆರೆದ ಬಾಯಿ ಮುಚ್ಚಿತು. "ಹೌದ ಹೌದ, ನಾನೂ ಕೇಳೇನಿ. ಇದ ಹೊತ್ತ" ಎಂದು ಎದ್ದೇಬಿಟ್ಟಳು.

ದೊಡ್ಡವ್ವನಿಗೆ ತಿಳಿಯಲಿಲ್ಲ. "ನೀವ ಹೋಗಿ ಬರ್ರಿ, ನಾ ಒಂದಿಷ್ಟ ಅಡ್ಡಾಗ್ತೇನಿ" ಎಂದರು.

"ಅಲ್ಲೇ ಅಡ್ಡಾಗೀಯಂತ ಏಳಕ್ಕಾ" ಎಂದು ಅತ್ತೆ ರಟ್ಟೆ ಹಿಡಿದು ಎಬ್ಬಿಸಿದರು.

ಬಾಗಿಲು ದಾಟುವಾಗ ಅತ್ತೆ ನನ್ನ ಕಡೆ ನೋಡದೆ, "ನೀ ಅಕ್ಕಿ ಹಸನ ಮಾಡು. ನಾಯಿ ಬರ್ತಾವ, ಬಾಗಲಾ ಮುಂದ ಮಾಡ್ಕೊ" ಎಂದರು. ಮಗನಿಗೆ, "ನೀ ಸಾಮಾನ ಕಾಯಿ. ಒಳಗ ಕುಂತ ಕಾಯಿ" ಎಂದರು.

ಭೂಮಿ ಬಾಯಿ ತೆರೆದು ನುಂಗಬಾರದೆ ಎನ್ನುತ್ತಾರಲ್ಲ, ನಾನು ಅಂದು ನಿಜವಾಗಿ ಕೇಳಿಕೊಂಡೆ. ಮೂರು ಜನ ಹಿರಿಯರು, ಬೇಕೆಂದು, ತಿಳಿದು, ನಮ್ಮನ್ನು ಬಿಟ್ಟು ಹೊರಗೆ ಹೋದರು. ಹೋಗುವಾಗ ಅಜ್ಜಿ ದೊಡ್ಡವ್ವನ ಕಿವಿಯಲ್ಲಿ ಏನೋ ಹೇಳಿದ್ದು, ದೊಡ್ಡವ್ವ "ಅಯ್ಯ ಶಿವನೇ, ಮದ್ಲ ಹೇಳಬಾರದ?" ಎಂದು ಹೆಜ್ಜೆ ಜೋರು ಮಾಡಿದ್ದು, ಎಲ್ಲ ಕೇಳಿಸಿತು.

ನಮ್ಮವರು ಒಳಗೆ ಬಂದು ಹಾಸಿಗೆಯ ಸುರುಳಿಯ ಮೇಲೆ ಕೂತರು. ನಾನು ಎದುರು ಗೋಡೆಗೆ ಕೂತು ಅಕ್ಕಿ ಹಸನ ಮಾಡತೊಡಗಿದೆ. ಹಿಂದಿನ ದಿನವೇ ಹಸನ ಮಾಡಿಟ್ಟ ಅಕ್ಕಿ, ಒಂದು ಕಲ್ಲೂ ಸಿಗಲಿಲ್ಲ. ಮೂರು ವರ್ಷ ಬೇಡಿಕೊಂಡ ಹೊತ್ತು ಮಡಿಲಿಗೆ ಬಿದ್ದಿತ್ತು, ಕತ್ತು ಎತ್ತಲಾಗಲಿಲ್ಲ.

"ಅವ್ವಗ ಗೊತ್ತಾತು" ಎಂದರು ಅವರು.

"ಊರಿಗೇ ಗೊತ್ತಾತಲ್ರಿ" ಎಂದೆ ನಾನು.

ಆಮೇಲೆ ಅವರು ಕೇಳಿದರು, "ನಿನಗ ತಿನ್ನಾಕ ಏನ ಸೇರ್ತೈತಿ?" ಮದುವೆಯಾಗಿ ಮೂರು ವರ್ಷಕ್ಕೆ ನನ್ನ ಗಂಡ ನನ್ನ ಮುಖ ನೋಡಿ ಕೇಳಿದ ಮೊದಲ ಮಾತು ಅದು. ಬಹಳ ಹೊತ್ತು ಯೋಚಿಸಿ, "ಶೇಂಗಾದ ಹೋಳಗಿ" ಎಂದೆ. ಅವರು ತಲೆಯಾಡಿಸಿದರು. ನಾನು ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ಕತ್ತು ಎತ್ತಿ ನೋಡಿದರೆ ಸುರುಳಿಗೆ ಒರಗಿ ನಿದ್ದೆ ಹೋಗಿದ್ದರು. ಪಡವಿಯ ಗಾಳಿ ಮತ್ತು ಸೊಳ್ಳೆಯಲ್ಲಿ ಮೂರು ದಿನ ಅವರಿಗೆ ಕಣ್ಣು ಹತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಎಬ್ಬಿಸಲಿಲ್ಲ. ಹತ್ತಿರ ಹೋಗಿ ಕೂತು ನೋಡಿದೆ. ಹಗಲಿನಲ್ಲಿ ಅವರ ಮುಖವನ್ನು ಇಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಗದ್ದದ ಕೆಳಗೆ ಒಂದು ಹಳೆಯ ಗಾಯದ ಗುರುತು ಇತ್ತು. ಎಡಗಡೆಯ ಹುಬ್ಬು ಬಲಗಡೆಗಿಂತ ದಟ್ಟ. ನನ್ನ ಗಂಡನ ಮುಖ ಹೀಗಿದೆ ಎಂದು ನೆನಪಿನಲ್ಲಿ ಇಟ್ಟುಕೊಂಡೆ.

ಬಹಳ ಹೊತ್ತಾದ ಮೇಲೆ ಬಾಗಿಲ ಸಂದಿಯಿಂದ ಹೊರಗೆ ನೋಡಿದೆ. ಮೂವರೂ ಮರಳಿನ ಮೇಲೆ ಸಾಲಾಗಿ ಕೂತಿದ್ದರು, ಮುಖ ಸಮುದ್ರಕ್ಕೆ, ಬೆನ್ನು ಮನೆಗೆ. ನೆರಳು ಅಂದರೆ ಇದ್ದದ್ದು ಮನೆಯ ಹಿಂದಿನ ತೆಂಗಿನ ಗಿಡದ ಕೆಳಗೆ, ಮತ್ತೆ ನಮ್ಮ ಪಡವಿಯಲ್ಲಿ. ಅಲ್ಲಿಗೆ ಬಂದರೆ ನಮಗೆ ಅಡ್ಡಿ ಎಂದು ಅವರು ಬಯಲಿನಲ್ಲೇ ಕೂತಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ದೊಡ್ಡವ್ವ ಕೂತಲ್ಲೇ ತೂಗುತ್ತಿದ್ದರು. ಒಮ್ಮೆ ಅಜ್ಜಿ ಹಿಂದೆ ತಿರುಗಲು ನೋಡಿದಳು. ಅತ್ತೆ ಅವಳ ಭುಜ ಹಿಡಿದು ಮತ್ತೆ ಸಮುದ್ರದ ಕಡೆ ತಿರುಗಿಸಿದರು.

ಕರೆಯಬೇಕೆಂದು ಬಾಗಿಲಿಗೆ ಕೈ ಹಾಕಿದೆ. ಕರೆದರೆ ಏನೆಂದುಕೊಳ್ಳುತ್ತಾರೆ? ಕೆಲಸ ಮುಗಿಯಿತು ಎಂದು ನಾನೇ ಕೂಗಿ ಹೇಳಿದಂತೆ. ಕರೆಯದಿದ್ದರೆ ಆ ಮುದಿ ಜೀವಗಳು ಸುಡುತ್ತವೆ, ಅದೂ ಒಳಗೆ ಒಬ್ಬ ಮಾಸ್ತರ ಗೊರಕೆ ಹೊಡೆಯಲಿ ಎಂದು. ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಕರೆಯಲಿಲ್ಲ.

ಹೊತ್ತು ಇಳಿದ ಮೇಲೆ ಅವರೇ ಬಂದರು. ದೂರದಿಂದಲೇ ಜೋರಾಗಿ ಕೆಮ್ಮುತ್ತ, ಮಾತಾಡುತ್ತ. ಅಷ್ಟರಲ್ಲಿ ನಮ್ಮವರು ಎದ್ದು, ಗಾಬರಿಯಿಂದ ನನ್ನನ್ನು ನೋಡಿ, ಹಿತ್ತಲ ಕಡೆಯಿಂದ ಹೊರಗೆ ಹೋಗಿದ್ದರು. ಮೂವರ ಮುಖವೂ ಕೆಂಪಗೆ, ತುಟಿ ಒಡೆದಿದ್ದವು. ದೊಡ್ಡವ್ವನ ಮೂಗಿನ ತುದಿ ಸುಲಿದಿತ್ತು. ಅಜ್ಜಿ ನನ್ನ ಕುಂಕುಮ ನೋಡಿದಳು, ಕೂದಲು ನೋಡಿದಳು, ಬೊಚ್ಚುಬಾಯಿಯಲ್ಲಿ ನಕ್ಕಳು. "ಸಮುದ್ರ ಭಾಳ ಚಲೋ ಐತಿ" ಎಂದಳು. ಅವರು ನಡೆಯಿತೆಂದುಕೊಂಡದ್ದಕ್ಕೆ ನಾಚಿದೆ. ಅದು ನಡೆದೇ ಇಲ್ಲವಲ್ಲ ಎನ್ನುವುದಕ್ಕೆ ಇನ್ನೂ ಹೆಚ್ಚು ನಾಚಿದೆ. ಅವರ ಮಧ್ಯಾಹ್ನವನ್ನು ನಾನು ಪುಕ್ಕಟೆ ತಿಂದ ಹಾಗಾಗಿತ್ತು.

ಸಂಜೆ ಪಡವಿಯಲ್ಲಿ ಅತ್ತೆಯನ್ನು ಕೂರಿಸಿ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ. ಕಣ್ಣು ಮುಚ್ಚಿಕೊಂಡೇ ಅವರು ಮಾತಾಡಿದರು.

"ನಮಗ ಜ್ವಾಳದ ಹೊಲರ ಇತ್ತವಾ. ಆವಾಗ ನಾವ ಅರಭಾವಿ ಹಳ್ಯಾಗ ಇದ್ವಿ, ಇನ್ನೂ ಪ್ಯಾಟಿಗೆ ಬಂದಿರಲಿಲ್ಲ. ಮನಿ ತುಂಬ ಮಂದಿ. ನಮ್ಮತ್ತಿ ನನ್ನ ಕೈಯಾಗ ಬುತ್ತಿ ಕೊಟ್ಟ ಹೊಲಕ್ಕ ಕಳಸ್ತಿದ್ಲು. ಆಳಿನ ಮಂದೀನ ಬಾವಿ ಕಡೆ ಕೆಲಸಕ್ಕ ಹಚ್ಚತಿದ್ಲು. ಆಳೆತ್ತರ ಜ್ವಾಳ ನಿಂತಿರ್ತಿತ್ತು. ಆಕಿ ಬಾಯಿ ಬಿಟ್ಟ ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ."

ನನ್ನ ಕೈ ನಿಂತಿತು. ಅವರು ಕಣ್ಣು ತೆರೆಯಲಿಲ್ಲ.

"ಪ್ಯಾಟಿಗೆ ಬಂದ ಮ್ಯಾಲ ಅದನ್ನ ಮರತ ಬಿಟ್ಟೆ. ನಿಮಗ ಹೊಲಾ ಇಲ್ಲ ಅನ್ನೂದ ನನ್ನ ತಲಿಗೆ ಹೊಳೀಲಿಲ್ಲ. ತಾಯಿತ ಕಟ್ಟಿದೆ. ಕಟ್ಟಿ ಮ್ಯಾಲ ನಿಂತ ಊರಿಗೆಲ್ಲ ನಿನಗ ಮಕ್ಕಳಿಲ್ಲಂತ ಸಾರಿದೆ. ನಾಚಬೇಕಾದಾಕಿ ನಾ ಯವ್ವಾ, ನೀ ಯಾಕ ತಲಿ ತಗ್ಗಸ್ತಿ?"

ಅವರು ಹೀಗೆ ಹೇಳಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. "ಅತ್ತೀ, ಅವರು ನಿದ್ದಿ ಹೋಗಿದ್ರರಿ" ಎಂದೆ.

"ಏನಂದಿ?"

"ನೀವು ಹೋದ ಕೂಡ್ಲೇನ ನಿದ್ದಿ ಹತ್ತಿತ್ತು. ನಾ ಎಬ್ಬಸಲಿಲ್ಲ."

ಅತ್ತೆ ಕಣ್ಣು ತೆರೆದರು. ದೂರದಲ್ಲಿ ನೀರಿನಂಚಿನಲ್ಲಿ ನಡೆಯುತ್ತಿದ್ದ ಮಗನನ್ನು ದಿಟ್ಟಿಸಿ ನೋಡಿದರು. "ಮೂರ ಮಂದಿ ಮುದುಕ್ಯಾರು ಹಪ್ಪಳ ಒಣಗಿದಂಗ ಒಣಗೀವಿ. ಆ ಮೂಳ ನಿದ್ದಿ ಮಾಡ್ಯಾನಂತ" ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಸುಟ್ಟ ಮುಖ ಚುರುಗುಟ್ಟಿ ಹಾ ಹಾ ಎನ್ನುತ್ತ ನಕ್ಕರು. ಅತ್ತೆಯೊಡನೆ ನಾನು ನಕ್ಕದ್ದು ಅದೇ ಮೊದಲು. ಅಂದು ಅವರು ಮಗನ ಹಾಸಿಗೆಯನ್ನು ಗಾಳಿ ಬಾರದ ಮೂಲೆಗೆ ತಾವೇ ಹಾಸಿದರು, ಮೇಲೆ ತಮ್ಮ ಕೌದಿಯನ್ನೂ ಹೊದಿಸಿದರು. ಯಾಕೆಂದು ಮಗ ಕೇಳಲಿಲ್ಲ, ತಾಯಿ ಹೇಳಲಿಲ್ಲ.

ಮರುದಿನ ಊಟವಾಯಿತು. ಯಾರೂ ಏನೂ ಹೇಳುವ ಮುಂಚೆಯೇ ದೊಡ್ಡವ್ವ ಎದ್ದು ನಿಂತಿದ್ದರು. ಅಜ್ಜಿ ಕೋಲು ಹುಡುಕುತ್ತಿದ್ದಳು. ಹೊರಗೆ ನಿನ್ನೆಯಂಥದೇ ಬಿಸಿಲು. ಆ ಬಿಸಿಲಿಗೆ ಮೂವರೂ, ನಿನ್ನೆ ಸುಟ್ಟ ಮುಖದಲ್ಲೇ, ಮತ್ತೆ ಹೊರಟರು.

ನಾನು ಎದ್ದೆ. ಮೂರು ಪಂಚೆಗಳನ್ನು ನೀರಿನಲ್ಲಿ ಹಿಂಡಿ ತಂದೆ. ದೊಡ್ಡವ್ವನ ತಲೆಗೆ ಒಂದು ಸುತ್ತಿದೆ, ಅಜ್ಜಿಯ ತಲೆಗೆ ಒಂದು. ಅಜ್ಜಿ ಏನೋ ಕೀಟಲೆ ಮಾಡಲು ಹೊರಟು, ನನ್ನ ಮುಖ ನೋಡಿ ಬಿಟ್ಟಳು. ಕುಡಿಯುವ ನೀರಿನ ತಂಬಿಗೆ ಅವಳ ಕೈಗೆ ಕೊಟ್ಟೆ. ಕೊನೆಗೆ ಅತ್ತೆಯ ಮುಂದೆ ನಿಂತು, ಅವರ ತಲೆಗೆ ಒದ್ದೆ ಪಂಚೆ ಸುತ್ತಿ, ಅಂಚನ್ನು ಕಿವಿಯ ಹಿಂದೆ ಸಿಗಿಸಿದೆ. ನಮ್ಮವರು ಹಿಂದೆ ಕೋಣೆಯೊಳಗೆ ನಿಂತಿದ್ದರು. ಅವರಿಗೂ ಕೇಳುತ್ತದೆ ಎಂದು ಗೊತ್ತಿತ್ತು.

"ಬಿಸಲ ಪೂರಾ ಇಳಿದ ಮ್ಯಾಲ ಬರ್ರಿ ಅತ್ತೀ" ಎಂದೆ.

ಅತ್ತೆ ನನ್ನನ್ನು ಒಮ್ಮೆ ನೋಡಿ, "ಆತವಾ" ಎಂದು ತಲೆ ತಗ್ಗಿಸಿ ಹೊರಟರು.